ಉರ್ವದ ಗೋಡೆಯೂ ಗೌರಿಯ ಕೆಮ್ಮೂ

ಗೋಡೆಗೂ ಗಡ್ಡ ಬೆಳೆಯುತ್ತದೆ ಎಂಬುದು ಮಂಗಳೂರಿಗೆ ಬರುವ ತನಕ ನನಗೆ ಗೊತ್ತಿರಲಿಲ್ಲ. ದಸರಾ ರಜೆಯ ಮೊದಲ ದಿನ, ಸೋಮವಾರ, ಗುಡಿಸಲೆಂದು ಮಲಗುವ ಕೋಣೆಯ ಕಪಾಟನ್ನು ಎಳೆದೆ. ಹಿಂದಿನ ಗೋಡೆಯ ತುಂಬ ಬೂದು ಹಸಿರಿನ ಮೆತ್ತನೆಯ ಕೂದಲು. ಬೆರಳಿಟ್ಟರೆ ಪುಡಿಯಾಗಿ ಮೂಗಿಗೇ ಬಂತು. ಕಪಾಟಿನೊಳಗೆ ನನ್ನ ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲೂ ಅದೇ. ಇಲ್ಲಿಯವರು ಇದಕ್ಕೆ ಬೂಷ್ಟು ಎನ್ನುತ್ತಾರೆ, ಅದೂ ಮನೆಗೆ ನೆಂಟರು ಬಂದಿದ್ದಾರೆ ಎನ್ನುವಷ್ಟು ಸಲೀಸಾಗಿ. ವಿಜಯಪುರದಲ್ಲಿ ಬೆಳೆದ ನನಗೆ ಗೋಡೆಯೆಂದರೆ ಬಿಸಿಲಿಗೆ ಬಿರುಕು ಬಿಡುವ, ಸುಣ್ಣ ಉದುರಿಸುವ ವಸ್ತು. ಒದ್ದೆ ಗೋಡೆಯನ್ನು ನಮ್ಮ ಕಡೆ ನೀವು ಬಚ್ಚಲಲ್ಲಿ ಮಾತ್ರ ಕಂಡಿರುತ್ತೀರಿ.

ನಾವು ಮಂಗಳೂರಿನ ಉರ್ವದ ಈ ಬಾಡಿಗೆ ಮನೆಗೆ ಬಂದು ಎರಡು ವರ್ಷವಾಯಿತು. ಗಂಡ ಬಸವರಾಜ ಸುರತ್ಕಲ್ಲಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ನಾನು ಬಲ್ಮಠದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ಶಾಲೆಯಲ್ಲಿ ಪುಸ್ತಕದಂಥ ಕನ್ನಡ ಆಡುತ್ತಾರೆ. ನಾನು ಮರೆತು 'ಏನ್ ಮಾಡಾಕತ್ತೀರಿ?' ಎಂದರೆ ಇಡೀ ತರಗತಿ ನಗುತ್ತದೆ. ಕನ್ನಡ ಕಲಿಸಲು ಬಂದವಳ ಕನ್ನಡಕ್ಕೇ ನಗು.

ಅದನ್ನಾದರೂ ಸಹಿಸಬಹುದು, ಕೆಮ್ಮನ್ನು ಸಹಿಸಲಾಗದು. ಎಂಟು ವರ್ಷದ ಮಗಳು ಗೌರಿ ಮಳೆ ಹಿಡಿದಂದಿನಿಂದ ಕೆಮ್ಮುತ್ತಿದ್ದಳು. ಡಾಕ್ಟರು ಎದೆಗೆ ಯಂತ್ರ ಇಟ್ಟು ಕೇಳಿ, "ಮನೆಯಲ್ಲಿ ಬೂಷ್ಟು ಉಂಟಾ?" ಎಂದು ವಿಚಾರಿಸಿ, ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬರೆದುಕೊಟ್ಟಿದ್ದರು. ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಕಪಾಟು ಎಳೆದ ಮೇಲೆ.

ಅದೇ ಹೊತ್ತಿಗೆ ವಿಜಯಪುರದಿಂದ ಅವ್ವನ ಫೋನು ಬಂತು.

"ಬುಧವಾರ ಬರಾಕತ್ತೀನಿ. ಕೂಸು ಕೆಮ್ಮೂದು ಫೋನಿನ್ಯಾಗ ಕೇಳಿ ಕೇಳಿ ನನಗ ಸಾಕಾತು. ಈ ಸಲ ಕರ್ಕೊಂಡ ಹೋಗ್ತೀನಿ. ಒಂದ್ ವರ್ಷ ಇಲ್ಲೇ ಸಾಲಿ ಕಲೀಲಿ."

"ಅವ್ವಾ, ಅದ್ಹೆಂಗ..."

"ಟಿಕೀಟ್ ತಗಸೀನಿ," ಎಂದು ಇಟ್ಟೇಬಿಟ್ಟಳು.

ನನಗೆ ಅಳುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ. ಬುಧವಾರದೊಳಗೆ ಗೋಡೆಗೆ ಬಣ್ಣ ಬಳಿಸಿಬಿಡಬೇಕು, ಈ ಮನೆ ಮಗು ಇರಲು ತಕ್ಕದ್ದು ಎಂದು ಅವ್ವನಿಗೆ ತೋರಿಸಬೇಕು ಎಂದು ಹಟ ಹುಟ್ಟಿತು. ಕೆಳಗಿನ ಮನೆಯಲ್ಲಿರುವ ನಮ್ಮ ಓನರು ಜೊಹರಾ ಆಂಟಿ ತಮಗೆ ಗೊತ್ತಿದ್ದ ಪೇಂಟರ್ ಯೋಗೀಶಣ್ಣನನ್ನು ಅಂದು ಮಧ್ಯಾಹ್ನವೇ ಕಳಿಸಿದರು. ಅವನು ಮಂಚ, ಕಪಾಟು, ಮೇಜು ಎಲ್ಲವನ್ನೂ ಪಡಸಾಲೆಯ ನಡುವೆ ರಾಶಿ ಹಾಕಿದ. ಸಂಜೆಯೊಳಗೆ ಎರಡು ಕೋಣೆಯ ಗೋಡೆ ಕೆರೆದು ಸಿಮೆಂಟು ಕಾಣುವಂತೆ ಮಾಡಿದ. 'ಅಡ್ಡಿಯಿಲ್ಲ, ಕೆಲಸಗಾರ' ಎಂದುಕೊಂಡೆ.

ಮಂಗಳವಾರ ಹತ್ತಾಯಿತು, ಹನ್ನೊಂದಾಯಿತು, ಆಸಾಮಿ ಇಲ್ಲ. ಫೋನು ಮಾಡಿದರೆ ಹಿಂದೆ ತಾಸೆ ವಾದ್ಯದ ಸದ್ದು.

"ಟೀಚರೇ, ಈ ವಾರ ಆಗುದಿಲ್ಲ. ನಮ್ಮ ಹುಲಿ ಉಂಟಲ್ಲ."

"ಎಂಥ ಹುಲಿ?"

"ಹುಲಿವೇಷ ಮಾರಾಯ್ರೆ! ನವರಾತ್ರಿ ಅಲ್ವಾ. ನಮ್ಮ ತಂಡದವರ ಮೈಗೆ ಬಣ್ಣ ಹಾಕುದು ನಾನೇ. ಹದಿನೆಂಟು ಜನ ಉಂಟು."

"ನನ್ನ ಗೋಡೆ?"

"ಗೋಡೆ ಎಲ್ಲಿಗೆ ಹೋಗ್ತದೆ ಟೀಚರೇ? ಗೋಡೆ ಅಲ್ಲೇ ಉಂಟು."

ನಮ್ಮ ಕಡೆ ಕೆಲಸದವರು ಬರದಿದ್ದರೆ ಮನೆಗೆ ಹೋಗಿ ಜಗಳ ಆಡಬಹುದು. ಹುಲಿಗಳಿಗೆ ಬಣ್ಣ ಹಚ್ಚುವವನ ಹತ್ತಿರ ಹೋಗಿ ಏನೆಂದು ಜಗಳ ಆಡುವುದು?

ಬುಧವಾರ ಬೆಳಿಗ್ಗೆ ಅವ್ವ ಬಂದಿಳಿದದ್ದು ಕೆರೆದ ಗೋಡೆಗಳ, ಸಾಮಾನು ರಾಶಿಯ, ಸಿಮೆಂಟು ಪುಡಿಯ ಮನೆಗೆ. ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಇಡಲು ಜಾಗ ಹುಡುಕಿ, ಕೊನೆಗೆ ಮಂಚದ ಮೇಲೆ ಮಗುಚಿಟ್ಟ ಮೇಜಿನ ಕಾಲುಗಳ ನಡುವೆ ಇಟ್ಟಳು. ಸೆರಗಿನಿಂದ ಬೆವರು ಒರೆಸಿಕೊಂಡಳು. ಈ ತಿಂಗಳು ನಮ್ಮಲ್ಲಿ ಮುಂಜಾನೆ ಹೊದಿಕೆ ಬೇಕೆನಿಸುತ್ತದೆ. ಇಲ್ಲಿ ಮಳೆ ನಿಂತಿತು ಎಂದರೆ ಬೆವರು ಶುರುವಾಯಿತು ಎಂದು ಅರ್ಥ.

ಗೌರಿ ಓಡಿ ಬಂದು, "ಅಜ್ಜಿ, ನಂಗೆ ಎಂತ ತಂದಿದ್ದೀರಿ?" ಎಂದಳು.

ಅವ್ವ ನನ್ನ ಮುಖ ನೋಡಿದಳು. "ಎಂತ ಅಂದ್ರ ಏನವಾ? ಮತ್ತ ನನಗ 'ರೀ' ಹಚ್ಚಿ ಮಾತಾಡ್ತಾಳಲ್ಲ? ನಾ ಏನ್ ಬ್ಯಾರೇದಾಕಿನ?"

ಜೊಹರಾ ಆಂಟಿ ನೋಡಲು ಬಂದರು. ಅವ್ವ ಸಸ್ಯಾಹಾರಿ ಎಂದು ತಿಳಿದು, ಬೇಯಿಸಿದ್ದು ಏನನ್ನೂ ತರದೆ ಒಂದು ಚಿಪ್ಪು ಬಾಳೆಹಣ್ಣು, ಎರಡು ತೆಂಗಿನಕಾಯಿ ತಂದಿದ್ದರು. ವಿಜಯಪುರದ ನಮ್ಮ ಓಣಿಯ ಮುಸ್ಲಿಮರೊಂದಿಗೆ ಅವ್ವ ಆಡುವುದು ಉರ್ದು. ಅದೇ ಉತ್ಸಾಹದಲ್ಲಿ ಶುರು ಹಚ್ಚಿಕೊಂಡಳು. ಆಂಟಿ ನಕ್ಕು, "ನನಗೆ ಉರ್ದು ಬರುದಿಲ್ಲ. ನಮ್ಮ ಮನೆಮಾತು ಬ್ಯಾರಿ. ಕನ್ನಡದಲ್ಲಿ ಹೇಳಿ," ಎಂದರು. ಅವರು ಹೋದ ಮೇಲೂ ಅವ್ವನಿಗೆ ಅದು ಬಗೆಹರಿಯಲಿಲ್ಲ. "ಉರ್ದು ಬರಂಗಿಲ್ಲಂತ! ಇದೆಂಥಾ ಊರವಾ?"

ಇಷ್ಟು ಸಾಲದೆಂಬಂತೆ ಶುಕ್ರವಾರ ಚಾರಣ. ನನ್ನ ಜೊತೆಯ ವಿಜ್ಞಾನದ ಟೀಚರ್ ಶರ್ಮಿಳಾ ಎರಡು ತಿಂಗಳ ಹಿಂದೆಯೇ ಗೊತ್ತು ಮಾಡಿದ್ದಳು, ಬೆಳ್ತಂಗಡಿ ಕಡೆಯ ಗಡಾಯಿಕಲ್ಲಿಗೆ. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು. ಮನೆಯ ಅವಸ್ಥೆ ಹೇಳಿದರೆ, "ಮನೆ ಹಾಗೆ ಉಂಟು ಅಂತಲೇ ಹೊರಗೆ ಬರ್ಬೇಕು ಮಾರಾಯ್ತಿ. ಅಮ್ಮನನ್ನೂ ಕರ್ಕೊಂಡು ಬಾ," ಎಂದಳು. ಅವ್ವ, "ಕೆಮ್ಮೋ ಕೂಸಿನ್ನ ಗುಡ್ಡ ಹತ್ತಸ್ತೀರೇನ?" ಎಂದು ಗದರಿದಳು. ನನಗೂ ಹಟ ಬಂದುಬಿಟ್ಟಿತ್ತು. "ಡಾಕ್ಟರು ಓಡಾಡ್ಲಿ ಅಂದಾರ," ಎಂದೆ. ಡಾಕ್ಟರು ಹಾಗೆ ಹೇಳಿದ್ದು ನಿಜ. ಗುಡ್ಡ ಹತ್ತಲಿ ಎಂದು ಹೇಳಿರಲಿಲ್ಲ.

ನಮ್ಮೂರಲ್ಲಿ ಹತ್ತುವುದೆಂದರೆ ಗೋಳಗುಮ್ಮಟದ ಮೆಟ್ಟಿಲು. ಇಲ್ಲಿ ಕಾಡಿನ ನಡುವೆ ಒಂದೇ ಬಂಡೆ ಬೆಟ್ಟವಾಗಿ ಎದ್ದು ನಿಂತಿದೆ. ತುದಿಯ ಹಳೇ ಕೋಟೆಯ ತನಕ ಕಲ್ಲಿನ ಮೆಟ್ಟಿಲು, ಕೆಲವು ಮೊಣಕಾಲೆತ್ತರ. ಅವ್ವ ಅರ್ಧ ದಾರಿಗೆ ಕೂತುಬಿಟ್ಟಳು. ನಾನು ಅವಳ ಜೊತೆ ಕೂತೆ. ರಜೆ ಹಾಕಿ ಬಂದಿದ್ದ ಬಸವರಾಜ ಮಕ್ಕಳೊಂದಿಗೆ ಮುಂದೆ ಹೋದರು. ಗೌರಿ ಶರ್ಮಿಳಾಳ ಮಕ್ಕಳೊಂದಿಗೆ ಮೇಲಿನಿಂದ, "ಅಮ್ಮಾ, ಬೇಗ ಬಲೆ!" ಎಂದು ತುಳುವಿನಲ್ಲಿ ಕೂಗುತ್ತಿದ್ದಳು.

"ಏನಂತಾಳ?" ಎಂದು ಅವ್ವ ಕೇಳಿದಳು.

"ಲಗೂನ ಬಾ ಅಂತ."

"ನನ್ನ ಮೊಮ್ಮಗಳು ಏನಂತಾಳಂತ ನಿನಗ ಕೇಳೂದಾತು ನೋಡು," ಎಂದು ಕೆಳಗಿನ ತೋಟಗಳ ಕಡೆ ಮುಖ ತಿರುಗಿಸಿದಳು.

ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಶರ್ಮಿಳಾ ಮೇಲಿನಿಂದ ನನ್ನ ಹೆಸರು ಹಿಡಿದು ಕರೆದಳು, "ರೇಣುಕಾ, ಪಂಪು! ಪಂಪು ತಾ!" ಪಂಪು ಇದ್ದದ್ದು ನನ್ನ ಕೈಚೀಲದಲ್ಲಿ. ಆ ಮೆಟ್ಟಿಲುಗಳನ್ನು ನಾನು ಹೇಗೆ ಹತ್ತಿದೆನೋ ತಿಳಿಯದು. ಗೌರಿ ಬಸವರಾಜರ ತೊಡೆಯ ಮೇಲೆ ಕೂತು, ಹೆಗಲು ಮೇಲೆ ಕೆಳಗೆ ಮಾಡುತ್ತ ಉಸಿರು ಎಳೆಯುತ್ತಿದ್ದಳು. ಎದೆಯಿಂದ ಸೀಟಿಯಂಥ ಸದ್ದು. ಎರಡು ಸಲ ಪಂಪು ಎಳೆದುಕೊಂಡ ಮೇಲೆ ತುಟಿಗೆ ಬಣ್ಣ ಬಂತು. ಬಸವರಾಜ ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿದರು. ಅವ್ವ ದಾರಿಯುದ್ದಕ್ಕೂ ಅವಳ ಬೆನ್ನು ಸವರುತ್ತ ಬಂದಳು, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಶನಿವಾರ ಬೆಳಿಗ್ಗೆ ನೋಡಿದರೆ ಅವ್ವ ಗೌರಿಯ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದಳು. ಸ್ವೆಟರು, ಶಾಲೆಯ ಪುಸ್ತಕ ಎಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಆಮೇಲೆ ಪಂಪು ತಂದು ಬ್ಯಾಗಿನ ಮೇಲಿಟ್ಟೆ. ಜೊಹರಾ ಆಂಟಿ ಮಗುವಿನ ಸುದ್ದಿ ಕೇಳಿ ಮೇಲೆ ಬಂದವರು ಬ್ಯಾಗು ನೋಡಿದರು, ಮಗುಚಿಟ್ಟ ಒಂದು ಸ್ಟೂಲನ್ನು ನೆಟ್ಟಗೆ ಮಾಡಿ ಕೂತರು.

"ಎಷ್ಟು ದಿನಕ್ಕೆ?"

"ಒಂದ್ ವರ್ಷ ಇಟ್ಕೋತೀನ್ರಿ. ಅಲ್ಲಿ ಗಾಳಿ ಒಣಾ ಐತಿ," ಎಂದಳು ಅವ್ವ.

ಆಂಟಿ ತಲೆಯ ಮೇಲಿನ ಶಾಲು ಸರಿಮಾಡಿಕೊಂಡರು. "ನಾನೂ ಇಟ್ಕೊಂಡಿದ್ದೆ. ದೊಡ್ಡ ಮಗನ ಹುಡುಗ, ಮೂರು ವರ್ಷದವ. ದುಬೈಯಲ್ಲಿ ಅವನಿಗೆ ಹುಷಾರಿಲ್ಲ ಅಂತ ನಾನೇ ಹಠ ಮಾಡಿದ್ದು. ಎರಡು ವರ್ಷ ಕಳ್ದು ಅವನ ತಾಯಿ ಬಂದ್ಳು. ಅವ ನನ್ನ ಹಿಂದೆ ಅಡಗಿ 'ಯಾರು ಅದು?' ಅಂತ ಕೇಳಿದ. ಅವಳು ಬಾಗಿಲಲ್ಲೇ ಕೂತು ಅಳ್ಲಿಕ್ಕೆ ಶುರು ಮಾಡಿದ್ಳು."

ಅವ್ವ ತುಂಬಿದ್ದ ಸ್ವೆಟರನ್ನು ಮತ್ತೆ ಹೊರಗೆಳೆದಳು.

"ನನಗೆ ಆಗ ಎಂತ ಆಯ್ತು ಗೊತ್ತುಂಟಾ? ಖುಷಿ ಆಯ್ತು. ಇವ ನನ್ನವ ಅಂತ. ಯಾರ ಹತ್ರವೂ ಹೇಳ್ಲಿಲ್ಲ ನಾನು. ಈಗ ಸೊಸೆ ಫೋನಿನಲ್ಲಿ ಚೆಂದ ಮಾತಾಡ್ತಾಳೆ. ಆದ್ರೆ ಊರಿಗೆ ಬಂದಾಗ ಮಗನನ್ನು ಒಂದು ಗಂಟೆಯೂ ನನ್ನೊಟ್ಟಿಗೆ ಬಿಡುದಿಲ್ಲ." ಎದ್ದು ಹೊರಟರು. ಬಾಗಿಲಲ್ಲಿ ತಿರುಗಿ, "ನಿಮಗೆ ಹೇಳಿದ್ದಲ್ಲ. ನೆನಪಾಯ್ತು, ಹಾಗೆ ಹೇಳಿದ್ದು," ಎಂದರು.

ಅವ್ವ ಸ್ವೆಟರನ್ನು ಮಡಿಸಿ ಬ್ಯಾಗಿಗೇ ಹಾಕಿದಳು. ಆಮೇಲೆ ಶಾಲೆಯ ಪುಸ್ತಕಗಳನ್ನು ಒಂದೊಂದಾಗಿ ಹೊರಗೆ ತೆಗೆದಳು.

"ವರ್ಷ ಬ್ಯಾಡ. ಸೂಟಿ ಮುಗಿಯೂತನಾ ಇರ್ಲಿ. ನಿನ್ನ ಗ್ವಾಡಿ ಬಣ್ಣ ಆಗ್ಬೇಕಲ್ಲ, ಆ ವಾಸನ್ಯಾಗ ಕೂಸು ಬ್ಯಾಡ."

ಅಂದು ಸಂಜೆಯ ಬಸ್ಸಿಗೆ ಇಬ್ಬರೂ ಹೋದರು. ಕಿಟಕಿಯಿಂದ ಗೌರಿ ಕೈಬೀಸಿದಳು. ಅಳಲಿಲ್ಲ. ಅಳಬೇಕಿತ್ತು ಎಂದು ನನಗೆ ಅನಿಸಿದ್ದು ನಾಚಿಕೆಯ ಸಂಗತಿ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲು ಬಡಿದವನು ಯೋಗೀಶಣ್ಣ. ಉಗುರುಗಳ ಸಂದಿಯಲ್ಲಿ, ಕಿವಿಯ ಹಿಂದೆ ಹಳದಿ ಬಣ್ಣ. ಕಣ್ಣು ಕೆಂಪಗೆ ಊದಿದ್ದವು. "ಟೀಚರೇ, ನಿದ್ದೆ ಮಾಡ್ಲಿಲ್ಲ. ಹುಲಿ ಮುಗೀತು. ಗೋಡೆ ಮುಗಿಸ್ತೇನೆ," ಎಂದ. ಬೈಯಲು ಎಂದು ಇಡೀ ವಾರ ಮಾತು ಕೂಡಿಟ್ಟಿದ್ದೆ. ಅವನಿಗೆ ಚಹಾ ಮಾಡಿಕೊಟ್ಟೆ. ಬೂಷ್ಟು ಹಿಡಿಯದ ಮದ್ದು ಬಳಿದು, ಪುಟ್ಟಿ ಎಳೆದು, ಪ್ರೈಮರ್ ಹಚ್ಚಿ, ಮಂಗಳವಾರದ ಹೊತ್ತಿಗೆ ಎರಡೂ ಕೋಣೆಗಳನ್ನು ಹಾಲಿನಂತೆ ಬೆಳ್ಳಗೆ ಮಾಡಿದ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡಿಸಿದ. ನಾನು ಪರದೆ ಬದಲಿಸಿದೆ, ಗೌರಿಯ ಮಂಚಕ್ಕೆ ಹೊಸ ಹೊದಿಕೆ ಹಾಸಿದೆ. ಎಲ್ಲ ಒಪ್ಪವಾಯಿತು. ಕೆಮ್ಮುವವರು ಯಾರೂ ಇರಲಿಲ್ಲ. ಅಷ್ಟು ಚೆಂದದ ಮನೆಯಲ್ಲಿ ನನಗೆ ಅನ್ನ ಸೇರಲಿಲ್ಲ.

ಬುಧವಾರ ಅವ್ವನ ಫೋನು. ದನಿ ಸಣ್ಣಗಿತ್ತು.

"ನಿನ್ನಿಯಿಂದ ಕೂಸು ಕೆಮ್ಮಾಕತ್ತೈತಿ."

"ಒಣಾ ಗಾಳಿ ಅಂದಿದ್ದಿ?"

"ಮನಿ ಮುಂದ ರಸ್ತೆ ಅಗದಾರವಾ. ಧೂಳ ಅಂದ್ರ ಧೂಳ. ನಾ ಏನ್ ಮಾಡ್ಲಿ?"

ಅಂದೇ ಹೊರಟೆ. ಗುರುವಾರ ಬೆಳಿಗ್ಗೆ ವಿಜಯಪುರದಲ್ಲಿ ಇಳಿದಾಗ ಮೈಗೆ ತಾಕಿದ ತಂಪು ಗಾಳಿಗೆ ಕಣ್ಣು ತುಂಬಿ ಬಂದವು. ಮನೆ ಮುಂದಿನ ಧೂಳಿಗೆ ಅವೇ ಕಣ್ಣು ಉರಿದವು. ಗೌರಿ ಕಟ್ಟೆಯ ಮೇಲೆ ಕೂತಿದ್ದಳು, ಅಪ್ಪಿಕೊಂಡು ಎರಡು ಸಲ ಕೆಮ್ಮಿದಳು. ಅವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಎರಡು ವರ್ಷದಲ್ಲಿ ಅಷ್ಟು ಹೊಟ್ಟೆತುಂಬ ನಾನು ಉಂಡಿರಲಿಲ್ಲ. ಕೈ ತೊಳೆದು ಬಂದು, ಏನೂ ಯೋಚಿಸದೆ, "ಗೌರಿ, ಬಟ್ಟಿ ತುಂಬ್ಕೊ. ನಾಳೆ ಮನೀಗೆ ಹೋಗೂಣು," ಎಂದೆ.

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹುಟ್ಟಿದ ಮನೆಯ ಒಲೆಯ ಮುಂದೆ ನಿಂತು ಮಂಗಳೂರನ್ನು 'ಮನಿ' ಎಂದುಬಿಟ್ಟಿದ್ದೆ. ಅವ್ವ ಮತ್ತೆ ಬಡಿಯತೊಡಗಿದಳು. "ಹಾದಿಗೆ ಹತ್ತ ರೊಟ್ಟಿ ಸಾಕೇನವಾ?" ಎಂದಷ್ಟೇ ಕೇಳಿದಳು.

ಮರುದಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಗೌರಿಯ ಮಾತು ಕೇಳಿ ಕುತೂಹಲದಿಂದ, "ನಿಮ್ಮೂರು ಯಾವುದ್ರಿ?" ಎಂದು ವಿಚಾರಿಸಿದಳು.

"ವಿಜಯಪುರ," ಎಂದೆ ನಾನು.

"ಮಂಗಳೂರು," ಎಂದಳು ಗೌರಿ, ಅದೇ ಉಸಿರಿಗೆ.

ಆ ಹೆಂಗಸು ನಮ್ಮಿಬ್ಬರ ಮುಖವನ್ನೂ ನೋಡಿದಳು. ನಾನು ಮಗಳನ್ನು ತಿದ್ದಲಿಲ್ಲ, ಮಗಳೂ ನನ್ನನ್ನು ತಿದ್ದಲಿಲ್ಲ.