ಕೂತವರ ಭಾರ ಬಲ್ಲ ಸಡಿಲಪ್ಪನವರು

ಸವಾರನ ಮೈಯಳತೆಗೆ ತಕ್ಕಂತೆ ಮೋಟಾರ್ ಸೈಕಲ್ಲನ್ನು ಕೈಯಾರೆ ಕಟ್ಟಿಕೊಡುವ ವಿದ್ಯೆಯಲ್ಲಿ ಎಂಜಿನ್ನಿನ ಪಂಡಿತರು ಹಲವರಿದ್ದಾರೆ, ಟ್ಯಾಂಕಿಗೆ ರೂಪು ಕೊಡುವ ಕುಶಲಿಗಳಿಗೂ ಕೊರತೆಯಿಲ್ಲ. ಬಣ್ಣ ಹಾಕುವವರ ಮಾತು ಬಂದಾಗ ಈ ಲೇಖಕಿಯ ಹೆಸರನ್ನೂ ನಾಲ್ಕು ಜನ ಹೇಳುತ್ತಾರೆ, ಸಂಕೋಚವೇಕೆ! ಆದರೆ ಹಿಂಚಕ್ರದ ಆಕ್ಸಲ್, ಅಂದರೆ ಅಚ್ಚು, ಕೂರಿಸಿ ಚೈನಿನ ಬಿಗಿಯನ್ನು ಹೆಚ್ಚುಕಡಿಮೆ ಮಾಡುವ ಎರಡು ಬದಿಯ ಅಡ್ಜಸ್ಟರುಗಳನ್ನು ಹೊಂದಿಸುವುದನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡು, ಅದರಲ್ಲಿ ಎರಡನೆಯವರಿಲ್ಲ ಎನ್ನಿಸಿಕೊಂಡವರು ನಮ್ಮ ಕಾರ್ಯಾಗಾರದ ಹಿರಿಯ ಫಿಟ್ಟರ್, ಇದೀಗ ನಿವೃತ್ತರಾಗುತ್ತಿರುವ ಮಾನ್ಯ ಸಡಿಲಪ್ಪನವರೊಬ್ಬರೇ. ಎಂಜಿನ್ ಎಷ್ಟೇ ಗುಡುಗಲಿ, ಅದರ ಬಲ ಚಕ್ರಕ್ಕೆ ಮುಟ್ಟುವುದು ಚೈನಿನ ಮೂಲಕ. ಅದು ಅತಿ ಬಿಗಿಯಾದರೆ ಹರಿಯುತ್ತದೆ, ಅತಿ ಸಡಿಲವಾದರೆ ಕಳಚುತ್ತದೆ, ಚಕ್ರ ಓರೆಯಾದರೆ ಗಾಡಿ ಸವಾರನ ಮಾತು ಕೇಳುವುದಿಲ್ಲ.

ಸಡಿಲಪ್ಪ ಎಂಬುದು ತಾಯಿತಂದೆಯರು ಇಟ್ಟ ಹೆಸರಲ್ಲ. ಚೈನು ಬಿಗಿಯುವವರನ್ನು ಕಂಡಾಗಲೆಲ್ಲ, “ಸ್ವಲ್ಪ ಸಡಿಲ ಬಿಡ್ರಪ್ಪಾ, ನಿಮ್ಮ ಗಂಟೇನು ಹೋಗುತ್ತೆ?” ಎಂದು ಗದರುತ್ತಿದ್ದುದರಿಂದ ಬಂದ ಬಿರುದು ಅದು. ಹೊಲಿಗೆ ಯಂತ್ರಗಳ ರಿಪೇರಿ ಮಾಡಿಕೊಂಡಿದ್ದ ಅವರು ನಮ್ಮಲ್ಲಿಗೆ ಬಂದಾಗ ಕಾರ್ಯಾಗಾರವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಎಣ್ಣೆ ಕುಡಿದು ಕಪ್ಪಾದ ಒಂದು ಮೇಜು, ತಲೆಯ ಮೇಲೆ ಕೈಹೊತ್ತು ಕೂತ ಒಬ್ಬ ಮಾಲೀಕರು. ಅವರು ಕಟ್ಟಿ ಮಾರಿದ ಮೊದಲ ಗಾಡಿಯ ಚೈನು ಮತ್ತೆ ಮತ್ತೆ ತುಂಡಾಗಿ, ಕೊಂಡವನು ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಕೂಗಾಡಿ ಹೋಗಿದ್ದ.

“ಚೈನು ಬಿಗಿಯೋವಾಗ ಗಾಡಿ ಮೇಲೆ ಯಾರು ಕೂತಿರ್ತಾರೆ?” ಎಂದು ಸಡಿಲಪ್ಪನವರು ಕೇಳಿದರಂತೆ.

“ಯಾರೂ ಕೂತಿರಲ್ಲ.”

“ಓಡಿಸೋವಾಗ?”

ಮಾಲೀಕರಿಗೆ ಆಗ ವಿಷಯ ಹೊಳೆಯಿತು. ಹಿಂಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಕವಲಿಗೆ ನಮ್ಮಲ್ಲಿ ತೋಳು ಎನ್ನುತ್ತೇವೆ. ಸವಾರ ಕೂತೊಡನೆ ಸ್ಪ್ರಿಂಗು ಕುಗ್ಗಿ ತೋಳಿನ ಓರೆ ಬದಲಾಗುತ್ತದೆ, ಖಾಲಿ ನಿಂತಾಗ ಸರಿಯಿದ್ದ ಚೈನು ಆಗ ಬಿಗಿದುಕೊಳ್ಳುತ್ತದೆ. ಇದು ಎಲ್ಲ ಫಿಟ್ಟರುಗಳಿಗೂ ಗೊತ್ತಿರುವ ಸಂಗತಿಯೇ. ಗೊತ್ತಿದ್ದದ್ದನ್ನು ಪ್ರತಿಸಲವೂ ಮಾಡುವವರು ಮಾತ್ರ ಅಪರೂಪ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ ನಿಂತಿತು: ಓಡಿಸುವವರು ಬಂದು ಕೂರದ ಹೊರತು ಆಕ್ಸಲ್ಲಿನ ಕೊನೆಯ ನಟ್ಟಿಗೆ ಸ್ಪ್ಯಾನರ್ ಇಡುವಂತಿಲ್ಲ.

ಈ ಕಟ್ಟಳೆಯಿಂದ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಬ್ರೆಡ್ ಮಾರುವವರನ್ನು ತುಂಬಿದ ಬುಟ್ಟಿಗಳ ಸಮೇತ ಕರೆಸಿದರು. ಆಸ್ಪತ್ರೆಯ ದಾದಿಯೊಬ್ಬರನ್ನು, ದಿನವೂ ಹೊರುವ ಚೀಲ ಹೆಗಲಿಗೇರಿಸಿಕೊಂಡು ಬಂದ ಹೊರತು ಕೂರಿಸೆನೆಂದು ಬಾಗಿಲಿನಿಂದಲೇ ವಾಪಸ್ಸು ಕಳಿಸಿದರು. “ನಾನೊಬ್ಬನೇ ಓಡಿಸೋದು” ಎಂದ ಗಂಡಸೊಬ್ಬರ ಪಕ್ಕದಲ್ಲೇ ಅವರ ಹೆಂಡತಿ ನಿಂತಿದ್ದರು. ಸಡಿಲಪ್ಪನವರು ಆಕೆಯ ಮುಖ ನೋಡಿದರು, ಗಂಡನ ಮುಖ ನೋಡಿದರು, “ಅಮ್ಮಾ, ನೀವೂ ಹತ್ತಿ” ಅಂದರು. ಗಂಡ ಮುಂದಕ್ಕೆ ಸರಿದು ಜಾಗ ಬಿಟ್ಟದ್ದು, ಆ ಗಾಡಿಯ ಚೈನು ಇಬ್ಬರಿಗೆ ಹೊಂದಿಸಿದ್ದು ನಾನು ಕಣ್ಣಾರೆ ಕಂಡದ್ದು.

ಇನ್ನು ನಮ್ಮಿಬ್ಬರ ಸಂಬಂಧದ ಬಗ್ಗೆ ಹೇಳದಿದ್ದರೆ ಈ ಲೇಖನ ಸುಳ್ಳಾದೀತು. ನಾವು ಹಾವು ಮುಂಗುಸಿ. ಪದರದ ಮೇಲೆ ಪದರ ಬಣ್ಣ ಕೊಟ್ಟು, ಒಣಗಿಸಿ, ಉಜ್ಜಿ, ಕನ್ನಡಿ ಮಾಡಿ ಕೊಟ್ಟ ತೋಳನ್ನು ಅವರು ನನ್ನೆದುರೇ ಮೇಜಿನ ಮೇಲಿಟ್ಟು, ಆಕ್ಸಲ್ಲಿನ ನಟ್ಟು ಕೂರುವ ಜಾಗದಲ್ಲಿ ಕೆರೆದು ಕಬ್ಬಿಣ ಕಾಣಿಸುತ್ತಿದ್ದರು. ಬಣ್ಣದ ಮೇಲೆ ಬಿಗಿದ ನಟ್ಟು ಬಣ್ಣ ಅದುಮಿ ಹೋದಂತೆ ಸಡಿಲಾಗುತ್ತದೆಂಬುದು ಅವರ ವಾದ. ಕೆರೆಯುವುದಕ್ಕೂ ಒಂದು ಮರ್ಯಾದೆ ಇದೆಯೆಂಬುದು ನನ್ನದು. ಆ ವಾದದಲ್ಲಿ ನಾನು ಇಂದಿಗೂ ಸೋತಿಲ್ಲ, ಇದು ಅವರ ಅಭಿನಂದನ ಸಂಪುಟವೆಂಬ ಕಾರಣಕ್ಕೆ ಸೋಲುವವಳೂ ಅಲ್ಲ.

ಆದರೂ ಈ ಸಂಪುಟಕ್ಕೆ ಬರೆಯುತ್ತೇನೆಂದು ಕೇಳದೆಯೇ ಮುಂದೆ ಬಂದವಳು ನಾನು. ಅದಕ್ಕೆ ಕಾರಣ ನನ್ನ ಅಣ್ಣ.

ಅಣ್ಣ ಸರಕಿನ ವ್ಯಾನು ಓಡಿಸುತ್ತಿದ್ದವನು. ಬಾಯಿ ತೆರೆದರೆ ಬೈಗುಳ. ಅಡ್ಡ ಬಂದವನಿಗೆ, ಕೆಂಪು ದೀಪಕ್ಕೆ, ಕೆಲವೊಮ್ಮೆ ತನ್ನ ವ್ಯಾನಿಗೇ. ಸರಕು ಇಳಿಸುವ ಕಟ್ಟೆಯ ಮೇಲೆ ಆದ ಅವಘಡದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಮೇಲೆ ಅವನು ಯಾರನ್ನೂ ಬೈಯಲಿಲ್ಲ. ಅನ್ನ ಆರಿದ್ದರೂ “ಆಗ್ಲಿ ಬಿಡು”, ಮಳೆನೀರು ಒಳಗೆ ಬಂದರೂ “ಆಗ್ಲಿ ಬಿಡು.” ಮನೆಯೆಲ್ಲ ತಣ್ಣಗಾಯಿತು. ಅಯ್ಯೋ, ಆ ಒಳ್ಳೆಯತನವನ್ನು ನೋಡಲಾರದೆ ನಾನು ಕಾರ್ಯಾಗಾರದವರನ್ನೆಲ್ಲ ಕಾಡಿ ಬೇಡಿ, ಎಡಗಾಲಿನಿಂದ ಹಾಕುವ ಗೇರನ್ನು ಕೈಗೆ ತಂದ ಒಂದು ಗಾಡಿ ಕಟ್ಟಿಸಿದೆ. ಅಣ್ಣ ಅದಕ್ಕೂ ತಲೆಯಾಡಿಸಿದ. “ಒಂದೇ ಸಲ ಹತ್ತೀನಿ. ಕೈಕೊಟ್ರೆ ಮತ್ತೆ ಆ ಮಾತು ಎತ್ಬೇಡ” ಅಂದ. ಕಾರ್ಯಾಗಾರಕ್ಕೆ ಬಂದು ಕೂರಲು ಮಾತ್ರ ಒಪ್ಪಲಿಲ್ಲ. ಎಲ್ಲರೂ ನೋಡುತ್ತಿರುವಾಗ ಗಾಡಿ ಹತ್ತುವುದು ಅವನಿಂದಾಗದು.

ಅವನ ತೂಕದಷ್ಟು ಮರಳಿನ ಮೂಟೆ ಇಡೋಣವೆಂದು ಮಾಲೀಕರು ಸೂಚಿಸಿದರು. ಸಡಿಲಪ್ಪನವರು ಸಿಡುಕಿದರು: “ಮೂಟೆ ಇಟ್ಟಲ್ಲಿ ಇರುತ್ತೆ. ಮನುಷ್ಯ ಹಂಗೆ ಕೂರ್ತಾನಾ? ಹೆದರಿದವನು ಹಿಂದಕ್ಕೆ ಸರೀತಾನೆ, ಧೈರ್ಯ ಬಂದವನು ಮುಂದಕ್ಕೆ ಬರ್ತಾನೆ.” ಮರುದಿನ ಬೆಳಗ್ಗೆ ಚಕ್ರ ಕಳಚಿದ ಗಾಡಿಯನ್ನು ಕೈಗಾಡಿಯ ಮೇಲೇರಿಸಿಕೊಂಡು, ಹೇಳದೆ ಕೇಳದೆ, ಅಣ್ಣ, ಅತ್ತಿಗೆ, ನಾನು ಇರುವ ಮನೆಯ ಬಾಗಿಲಿಗೇ ಬಂದುಬಿಟ್ಟರು!

“ಒಳಗೆ ಗ್ರೀಸ್ ಬಿದ್ರೆ ಒರೆಸೋರು ಯಾರು?” ಎಂದು ಅತ್ತಿಗೆ ಅಡ್ಡ ನಿಂತರು.

“ನಾನೇ ಒರೆಸ್ತೀನಿ ತಾಯಿ. ಹಳೇ ಬಟ್ಟೆ ಮಾತ್ರ ನಿಮ್ಮದು” ಎಂದವರೇ ಮಂಚವನ್ನು ಗೋಡೆಗೆ ಸರಿಸಿ, ಹಳೆಯ ಪತ್ರಿಕೆಗಳನ್ನು ಹರಡಿ ಕೆಲಸಕ್ಕೆ ಕೂತರು. ಗಾಡಿಯ ಹೊಟ್ಟೆಗೆ ಮರದ ದಿಮ್ಮಿ ಕೊಟ್ಟು, ಚಕ್ರವನ್ನು ತೋಳಿನ ನಡುವೆ ಎತ್ತಿ ಹಿಡಿದು, ಗ್ರೀಸ್ ಸವರಿದ ಆಕ್ಸಲ್ಲನ್ನು ಒಂದು ಬದಿಯ ಅಡ್ಜಸ್ಟರಿನಿಂದ ತೂರಿಸಿ ಇನ್ನೊಂದು ಬದಿಯಲ್ಲಿ ಹೊರತೆಗೆದರು, ಸುತ್ತಿಗೆಯನ್ನು ಮುಟ್ಟಲಿಲ್ಲ. ನಟ್ಟನ್ನು ಕೈಯಲ್ಲೇ ತಿರುಗಿಸಿ ಬಿಟ್ಟು, ದಿಮ್ಮಿ ತೆಗೆದು, ಕಿಟಕಿಯ ಪಕ್ಕ ಕೂತಿದ್ದ ಅಣ್ಣನ ಕಡೆ ತಿರುಗಿದರು.

“ಈಗ ನೀವು ಬರಬೇಕು. ನೀವಿಲ್ದೆ ಈ ಕೆಲಸ ಮುಗಿಯಲ್ಲ.”

ಅಣ್ಣ ಕೃತಕ ಕಾಲನ್ನು ಊರಿ ಎದ್ದ. ಅವನನ್ನು ಬಿಟ್ಟರೆ ಆ ಕೋಣೆಯಲ್ಲಿದ್ದವರು ಅತ್ತಿಗೆ, ನಾನು, ಸಡಿಲಪ್ಪನವರು ಮೂವರೇ. ಸಡಿಲಪ್ಪನವರು ಚೈನಿನ ಕಡೆ ನೋಡುತ್ತಿದ್ದರೇ ಹೊರತು ಅವನ ಕಾಲಿನ ಕಡೆಗಲ್ಲ. ಅಣ್ಣ ಹತ್ತಿ ಕೂತ, ಅವರು ಹೇಳಿದಂತೆಯೇ ಹಿಂದಕ್ಕೆ ಸರಿದ. ಚೈನು ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ, ಅದರ ಅತಿ ಬಿಗಿಯಾದ ಜಾಗ ಹುಡುಕಲು ಚಕ್ರ ಉರುಳಬೇಕು. ಅದಕ್ಕಾಗಿ ಅಣ್ಣ ಕೂತಿದ್ದಂತೆಯೇ ನಾನೂ ಅತ್ತಿಗೆಯೂ ಗಾಡಿಯನ್ನು ಆ ಗೋಡೆಯಿಂದ ಈ ಗೋಡೆಗೆ ತಳ್ಳಿದೆವು, ಸಡಿಲಪ್ಪನವರು ಮಂಡಿಯೂರಿ ಜೊತೆಗೇ ತೆವಳಿದರು. “ನೀವೇ ಬಗ್ಗಿ ಮುಟ್ಟಿ ನೋಡಿ” ಎಂದಾಗ ಅಣ್ಣ ಕೈಯಿಳಿಸಿ ಚೈನನ್ನು ಮೇಲೆ ಕೆಳಗೆ ಆಡಿಸಿದ.

“ಬಿಗಿ ಇದೆ” ಅಂದ.

“ಬಿಗಿ ಇದ್ರೆ ಆಗ್ಲಿ ಬಿಡೋಣ್ವಾ?”

ಅಣ್ಣ ಇನ್ನೊಮ್ಮೆ ಚೈನು ಆಡಿಸಿ, “ಬೇಡ, ಸಡಿಲಿಸಿ” ಅಂದ.

ಎರಡು ಬದಿಯ ಅಡ್ಜಸ್ಟರುಗಳನ್ನೂ ಸರಿಸಮನಾಗಿ ಹಿಂದಕ್ಕೆ ತಿರುಗಿಸಿ, ಚಕ್ರವನ್ನು ಮುಂದಕ್ಕೊತ್ತಿ, ತೋಳಿನ ಬುಡದಿಂದ ಆಕ್ಸಲ್ಲಿನ ನಡುವಿನವರೆಗೆ ಉಕ್ಕಿನ ಕಡ್ಡಿಯಿಂದ ಎಡಬಲ ಅಳೆದು, ಒಂದು ಕೂದಲೆಳೆಯ ವ್ಯತ್ಯಾಸವನ್ನೂ ಕಳೆದ ಮೇಲೆಯೇ ನಟ್ಟು ಬಿಗಿದು, ಅದು ಕಳಚದಂತೆ ಪಿನ್ನು ಹಾಕಿದರು. ಅಷ್ಟಕ್ಕೇ ಬಿಟ್ಟರೇ? ಅಳತೆಯ ಗುರುತೆಂದು ನನ್ನ ಹೊಸ ಬಣ್ಣದ ಮೇಲೆ ಮೊಳೆಯಿಂದ ಎರಡು ಗೀರು ಎಳೆದರು. ಬೇರೆ ದಿನವಾಗಿದ್ದರೆ ಆ ಮೊಳೆಯನ್ನು ಕಿತ್ತುಕೊಳ್ಳುತ್ತಿದ್ದೆ.

ಅಣ್ಣ ಬೀದಿಗಿಳಿದ. ಮೂಲೆಯವರೆಗೆ ಹೋದದ್ದು ಕಂಡಿತು, ಆಮೇಲೆ ಕಾಣಲಿಲ್ಲ. ನಾನು ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದೆ. ಸಡಿಲಪ್ಪನವರು ಕೊಟ್ಟ ಮಾತಿನಂತೆ ನೆಲ ಒರೆಸುತ್ತಿದ್ದರು. ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬಂದ ಅಣ್ಣ ಬಾಗಿಲಲ್ಲಿ ನಿಲ್ಲಿಸಿ, “ಹತ್ತು ತಂಗೀ” ಅಂದ. ನಾನು ಕಾಲೆತ್ತುವಷ್ಟರಲ್ಲಿ ಒಳಗಿಂದ ಕೂಗು ಬಂತು: “ತಡೀರಿ! ಇಬ್ಬರಾದ್ರೆ ಲೆಕ್ಕ ಬೇರೆ!” ನಮ್ಮಿಬ್ಬರನ್ನೂ ಕೂರಿಸಿ, ನಡುಬೀದಿಯಲ್ಲಿ ಮಂಡಿಯೂರಿ, ಆ ವಯಸ್ಸಿನಲ್ಲಿ ಅವರು ಎಲ್ಲವನ್ನೂ ಬಿಚ್ಚಿ ಮತ್ತೊಮ್ಮೆ ಹೊಂದಿಸಿದರು.

ಆಮೇಲೆ ನಾವಿಬ್ಬರೂ ಹೊರಟೆವು. ಕೂಡುರಸ್ತೆಯಲ್ಲಿ ವ್ಯಾನೊಂದು ಸರಕ್ಕನೆ ಅಡ್ಡ ಬಂತು. ಅಣ್ಣ ಬ್ರೇಕು ಹಿಡಿದ, ಓರೆ ಮಾಡಿದ, ಗೇರು ಬದಲಿಸಿ ಒಮ್ಮೆಲೇ ವೇಗ ಕೊಟ್ಟ. ಹಿಂಚಕ್ರ ಅದುರಲಿಲ್ಲ, ಚೈನು ಕಮಕ್ ಕಿಮಕ್ ಎನ್ನಲಿಲ್ಲ. ವ್ಯಾನಿನ ಪಕ್ಕಕ್ಕೆ ಬಂದು ಅಣ್ಣ ಗಂಟಲು ಹರಿಯುವಂತೆ ಕೂಗಿದ: “ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯೇನೋ ಬೇವರ್ಸಿ! ಯಾರೋ ನಿನಗೆ ವ್ಯಾನು ಕೊಟ್ಟ ಮುಠ್ಠಾಳ!”

ನಾನು ಅವನ ಬೆನ್ನಿಗೆ ಮುಖವೊತ್ತಿ ಅತ್ತುಬಿಟ್ಟೆ. ಮನೆಗೆ ಬಂದವಳೇ, “ಅಣ್ಣ ಬೈದ! ಬಾಯಿತುಂಬ ಬೈದ!” ಎಂದು ಸಡಿಲಪ್ಪನವರ ಎರಡು ಕೈಯನ್ನೂ ಹಿಡಿದುಕೊಂಡೆ. ಅವರು ಕೇಳಿದ್ದು ಒಂದೇ: “ಚೈನು ಸದ್ದು ಮಾಡ್ತಾ?”

ಇಂಥ ಹಿರಿಯರು ನಿವೃತ್ತರಾಗುತ್ತಿದ್ದಾರೆ. ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮಂಡಿಗಳೂ ಇರಲಿ, ಅವರ ಕಣ್ಣಿನ ಅಳತೆ ಹೀಗೆಯೇ ಚುರುಕಾಗಿರಲಿ, ಮನಸ್ಸಾದಾಗಲೆಲ್ಲ ಬಂದು ನಮ್ಮ ಕೆಲಸದಲ್ಲಿ ತಪ್ಪು ಹುಡುಕುತ್ತಿರಲಿ, ಬೇಕಾದರೆ ನನ್ನ ಬಣ್ಣವನ್ನೂ ಕೆರೆಯಲಿ ಎಂದು ಮನಸಾರೆ ಹಾರೈಸುತ್ತೇನೆ. ಅಭಿನಂದನ ಸಮಾರಂಭದ ದಿನ ಅವರನ್ನು ಮನೆಯಿಂದ ಸಭೆಗೆ ತನ್ನ ಗಾಡಿಯಲ್ಲಿ ಕರೆತರುವ ಹೊಣೆಯನ್ನು ಅಣ್ಣ ತಾನಾಗಿಯೇ ವಹಿಸಿಕೊಂಡಿದ್ದಾನೆ. ದಾರಿಯಲ್ಲಿ ಅಡ್ಡ ಬಂದು ಅವನಿಂದ ಬೈಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದು ಹಿಂದೆ ಕೂತಿದ್ದ ಮಹನೀಯರಿಗೆ ನಮ್ಮ ಮನೆಯವರು ಸಲ್ಲಿಸಿದ ಅಭಿನಂದನೆಯೆಂದು ತಿಳಿದು ದಯವಿಟ್ಟು ಕ್ಷಮಿಸಬೇಕು.