ಎಲ್ಲಾ ಕ್ಲೀನ್ ಅಂದಿದ್ದರು

ಭಾನುವಾರ ಯಲಹಂಕದ ಮಟನ್ ಅಂಗಡಿಯಲ್ಲಿ, ತೂಕಕ್ಕೆ ಹಾಕುವ ಮೊದಲು ಅಂಗಡಿಯವನು ಕುರಿಯ ಕಿಡ್ನಿಯೊಂದನ್ನು ಬದಿಗೆ ಸರಿಸಿದ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮತ್ತಿಕೆರೆಯ ನಮ್ಮ ಸೈನ್ಸ್ ಮಿಸ್ ನೆನಪಾದರು...

ಒಂಬತ್ತನೇ ಕ್ಲಾಸಿನಲ್ಲಿ ಅವರು ಇಂಥದ್ದೇ ಒಂದನ್ನು ಸ್ಟೀಲ್ ಡಬ್ಬಿಯಲ್ಲಿ ತಂದು, ಮೇಜಿನ ಮೇಲೆ ಪೇಪರ್ ಹಾಸಿ, ನಮ್ಮೆದುರೇ ಸೀಳಿ ತೋರಿಸಿದ್ದರು. ನಾನು ಮುಖ ತಿರುಗಿಸಿದೆ. "ಕಣ್ಣು ಮುಚ್ಕೊಂಡ್ರೆ ಏನ್ ಗೊತ್ತಾಗತ್ತೆ? ನೋಡೇ ಇಲ್ಲಿ" ಎಂದು ಗದರಿದರು.

ರಿಟೈರಾದ ಮೇಲೆ ಅವರದೇ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಪೂರ್ತಿ ಕಿಡ್ನಿ ತೆಗೆಯದೆ, ಗಡ್ಡೆಯನ್ನೂ ಅದರ ಸುತ್ತಲಿನ ಒಂಚೂರು ಒಳ್ಳೆಯ ಭಾಗವನ್ನೂ ಮಾತ್ರ ಕತ್ತರಿಸಿ ತೆಗೆದರು. ಚೇತರಿಸಿಕೊಂಡ ಮೇಲೆ ಮಗ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸಿದ. "ಎಲ್ಲಾ ಕ್ಲೀನ್ ಅಂತೆ ಕಣೇ" ಎನ್ನುತ್ತಾ ಮಿಸ್ ನನ್ನ ಎಲೆಗೆ ತಾವೇ ತುಪ್ಪ ಬಡಿಸಿದರು.

ಕ್ಲೀನ್ ಆಗಿರಲಿಲ್ಲ. ತೆಗೆದ ತುಂಡಿನ ಅಂಚಿನಲ್ಲೇ ಕ್ಯಾನ್ಸರ್ ಕಣಗಳಿವೆ ಎಂದು ಲ್ಯಾಬ್ ಹೇಳಿತ್ತು. ಡಾಕ್ಟರು ಮಗನನ್ನು ಕರೆದು ಬಿಡಿಸಿ ಹೇಳಿದ್ದರಂತೆ: ಒಳಗೆ ಉಳಿದಿರಬಹುದು, ಉಳಿಯದೆಯೂ ಇರಬಹುದು, ಗಾಬರಿ ಬೇಡ, ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ. ಮಗನನ್ನೇಕೆ ಕರೆಯಬೇಕಿತ್ತು? ನಮ್ಮಲ್ಲಿ ಅದೇ ಪದ್ಧತಿ, ಕಾಯಿಲೆ ಒಬ್ಬರದ್ದು, ವಿಷಯ ಇನ್ನೊಬ್ಬರಿಗೆ. ಅಮ್ಮ ಕೇಳಿದರೆ ಕುಸಿದುಹೋಗುತ್ತಾರೆ, ಹೇಳುವುದು ಬೇಡ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದರು. ಇಡೀ ಕ್ಲಾಸಿಗೆ ಕಿಡ್ನಿ ಸೀಳಿ ತೋರಿಸಿದ ಹೆಂಗಸು ಕುಸಿದುಹೋಗುತ್ತಾರಂತೆ!

ಮೊದಲ ಸ್ಕ್ಯಾನಿಗೆ ಮಿಸ್ ಹೋದರು, ಏನೂ ಕಾಣಲಿಲ್ಲ. ಆಮೇಲೆ "ಎಲ್ಲಾ ಕ್ಲೀನ್ ಆದ್ಮೇಲೆ ಇನ್ನೇನ್ ನೋಡೋದಿದೆ, ಹೋಗಪ್ಪಾ" ಎಂದುಬಿಟ್ಟರು. ಒತ್ತಾಯ ಮಾಡಿದರೆ ಗುಟ್ಟು ರಟ್ಟಾಗುತ್ತದೆಂದು ಮಗ ಸುಮ್ಮನಾದ. ಮತ್ತೆ ಕಾಯಿಲೆ ಕಾಣಿಸಿಕೊಂಡಾಗ ಅದು ಶ್ವಾಸಕೋಶಕ್ಕೆ ಹಬ್ಬಿತ್ತು...

ಇದೆಲ್ಲ ನನಗೆ ಗೊತ್ತಾದದ್ದು ಈಚೆಗೆ, ಮಿಸ್ ಅವರ ವರ್ಷದ ತಿಥಿಯ ದಿನ. ಮಗನೇ ಹೆಮ್ಮೆಯಿಂದ ಹೇಳಿದ: "ಆ ಲ್ಯಾಬ್ ರಿಪೋರ್ಟ್ ವಿಷ್ಯ ಕೊನೇವರ್ಗೂ ಅಮ್ಮಂಗೆ ಗೊತ್ತಾಗೋಕೆ ಬಿಡ್ಲಿಲ್ಲ ಕಣ್ರೀ. ನೆಮ್ಮದಿಯಾಗಿ ಹೋದ್ರು."

ನೆಮ್ಮದಿಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಕಾಯಿಲೆ ಮರುಕಳಿಸಿ ಆಸ್ಪತ್ರೆ ಸೇರಿದ್ದಾಗ ಮಿಸ್ ನನ್ನ ಕೈ ಹಿಡಿದುಕೊಂಡು, "ಎಲ್ಲಾ ಕ್ಲೀನ್ ಅಂದಿದ್ರಲ್ಲೇ... ನಾನೇ ಏನೋ ತಪ್ಪು ಮಾಡ್ದೆ ಅನ್ಸತ್ತೆ. ನೀರು ಸರಿಯಾಗಿ ಕುಡೀಲಿಲ್ವೇನೋ" ಎಂದು ಅತ್ತಿದ್ದರು. ಆಗ ಈ ಮಗ ಮಂಚದ ಆ ಕಡೆ ನಿಂತು, ಮೂಸಂಬಿ ಸುಲಿಯುತ್ತಾ, ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ತಪ್ಪು ನಿಮ್ಮದಲ್ಲ ಎಂದು ಹೇಳಬೇಕಾದವನು ಅವತ್ತು ಹೇಳಲಿಲ್ಲ. ಇವತ್ತು ನಾನು ಹೇಳೋಣವೆಂದರೆ, ಕೇಳಿಸಿಕೊಳ್ಳಲು ಮಿಸ್ ಇಲ್ಲ.