‘ನನಗೂ ಕೇಳಿಸುತ್ತದೆ’ ಎಂದ ಅಮಾವಾಸ್ಯೆ

ಅರಸೀಕೆರೆಯ ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಿಗ್ಗೆ ಕಿಟಕಿ ತೆರೆದರೆ, ಅಂಗಳದಲ್ಲಿ ಒಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರು. ಹೊಡೆಯುತ್ತಿದ್ದವರು ಮನೆ ಮಾಲೀಕ, ಕೊಬ್ಬರಿ ವ್ಯಾಪಾರಿ ಬಸವರಾಜಪ್ಪ. ಕಟ್ಟಿಸಿಕೊಂಡವನು ಅವರ ತಮ್ಮ ಶಿವಲಿಂಗ. ಅಣ್ಣನ ಕೈಯಲ್ಲಿ ಹುಣಸೆ ಬರಲು. ಬರಲು ಎಂದರೆ ಎಲೆ ತರಿದ ಎಳೆ ರೆಂಬೆ. ನಮ್ಮ ರಾಯಚೂರಿನ ಬಡಿಗೆಗಿಂತ ತೆಳ್ಳಗೆ, ಆದರೆ ಚರ್ಮ ಸೀಳುವುದು ಇದೇ.

“ಅಮಾಸೆ ಕಣ್ರೀ ಟೀಚರ್. ಕಿವೀಲಿ ಮಾತಾಡೋ ದೆವ್ವ ಇಳೀಬೇಕಲ್ಲ,” ಎಂದರು ಅವರ ತಾಯಿ ಗಂಗಮ್ಮ, ಅಳುತ್ತಲೇ.

ನಾನು ಕಿಟಕಿ ಮುಚ್ಚಿದೆ. ಅಂಥ ದನಿಗಳು ನನಗೂ ಕೇಳಿಸುತ್ತಿದ್ದವು. ಅದು ನಮ್ಮೂರಿಗೆಲ್ಲ ಗೊತ್ತಾಗಿ ಮದುವೆಮನೆಗಳಿಗೂ ಕರೆಯುವುದನ್ನು ಬಿಟ್ಟ ಮೇಲೆಯೇ ಇಷ್ಟು ದೂರ ಶಾಲೆಯ ಕೆಲಸ ಹಿಡಿದು ಬಂದಿದ್ದೆ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೊಟ್ಟಿಯ ಬಾಯಿಗೆ ಮುದ್ದೆ ಕಲಿಸಿದವರು ಗಂಗಮ್ಮ. “ಅಗೀಬ್ಯಾಡ್ರೀ, ನುಂಗಿ!” ಎಂದು ನಗುತ್ತಿದ್ದರು.

ಭಾನುವಾರಗಳಂದು ಬಸ್‌ಸ್ಟ್ಯಾಂಡಿನ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ನಮ್ಮಂಥವರದೇ ಒಂದು ಗುಂಪಿತ್ತು; ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದೆವು. ಇನ್ನೊಬ್ಬರ ಕಾಯಿಲೆಯ ಬಗ್ಗೆ ಬಾಯಿ ಬಿಡುವ ಮೊದಲು ತನ್ನದನ್ನು ಹೇಳಬೇಕು, ಅದು ಅಲ್ಲಿನ ಕಟ್ಟಳೆ. ಶಿವಲಿಂಗನ ವಿಷಯ ಬರೆದೆ. ‘ನಾನೂ ಏಟು ತಿಂದಿದೀನಿ. ದನಿ ಹೋಗಲ್ಲ, ಜೋರಾಗುತ್ತೆ. ಅವನ ಪಕ್ಕ ಕೂರೋರು ಯಾರಾದ್ರೂ ಇದಾರಾ?’ ಎಂದು ಒಬ್ಬಾಕೆ ಕೇಳಿದಳು. ಗಂಟೆಯ ದುಡ್ಡು ಕೊಟ್ಟು ಎದ್ದು ಬಂದೆ.

ಮುಂದಿನ ಅಮಾವಾಸ್ಯೆ ಅವನ ಕಿವಿಯಿಂದ ರಕ್ತ ಇಳಿಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಓಡಿಹೋಗಿ ಅಡ್ಡ ನಿಂತೆ. ಏಟು ನನ್ನ ಕೆನ್ನೆಗೆ ಬಿತ್ತು. ಡಾಕ್ಟರ ಹತ್ತಿರ ಕರೆದೊಯ್ಯಿರಿ ಎನ್ನಬೇಕಿತ್ತು, ಅಷ್ಟೆ. ಆದರೆ ಗುಂಪಿನ ರೂಢಿ ನಾಲಿಗೆಗೆ ಹತ್ತಿಬಿಟ್ಟಿತ್ತು. “ನನಗೂ ಕೇಳಸ್ತಾವ್ರಿ! ಗುಳಿಗಿ ತಗೋತೀನಿ!” ಎಂದು ಕಿರುಚಿದೆ.

ಬಸವರಾಜಪ್ಪ ನನ್ನ ಟ್ರಂಕನ್ನು ಎಳೆದು ತಂದು ಬೀದಿಗೆ ಎಸೆದರು. “ಇರೋ ಹುಚ್ಚು ಸಾಲ್ದು ಅಂತ ಇನ್ನೊಂದು ಸಾಕ್ಬೇಕೇನ್ರೀ?”

ಗಂಗಮ್ಮ ನನ್ನನ್ನೇ ನೋಡುತ್ತಿದ್ದರು. “ನಿಮಗೂ ಕೇಳಿಸ್ತೈತಾ? ಹಂಗಿದ್ದೂ ಪಾಠ ಮಾಡ್ತೀರಾ?” ಎಂದವರೇ ಕುಡುಗೋಲು ತಂದು ಮಗನ ಹಗ್ಗ ಕೊಯ್ದರು. “ಯಾವ ಡಾಕ್ಟ್ರು, ತೋರ್ಸಿ ನಡೀರಿ.”

ಈಗ ಶಿವಲಿಂಗನೂ ಗುಳಿಗೆ ನುಂಗುತ್ತಾನೆ, ನಾನು ಬೇರೆ ಬೀದಿಯಲ್ಲಿದ್ದೇನೆ. ಊರಲ್ಲಿ ಎಲ್ಲರೂ ಮರೆತಿದ್ದಾರೆ, ವಾಪಸ್ ಬಾ ಎಂದು ರಾಯಚೂರಿನಿಂದ ನನ್ನಣ್ಣ ಫೋನಿನಲ್ಲಿ ಕರೆಯುತ್ತಾನೆ. ಆಸೆಯಾಗುತ್ತದೆ. ಇಲ್ಲಿ ಯಾರೂ ಮರೆಯುವುದಿಲ್ಲ, ಬೆನ್ನ ಹಿಂದೆ ಹುಚ್ಚು ಟೀಚರ್ ಎನ್ನುತ್ತಾರೆ. ಆದರೂ ಅಮಾವಾಸ್ಯೆ ಬಂತೆಂದರೆ ನಾನು ಈ ಊರು ಬಿಡಲಾರೆ. ಗಂಗಮ್ಮ ಶಿವಲಿಂಗನನ್ನು ಕರೆತಂದು ನನ್ನ ಕೋಣೆಯ ಒಳಚಿಲಕ ಹಾಕುತ್ತಾರೆ. ಹೊರಗೆ ಬಸವರಾಜಪ್ಪ ಹುಣಸೆ ರೆಂಬೆ ಹಿಡಿದು ಬಾಗಿಲು ಗುದ್ದುತ್ತಿರುತ್ತಾರೆ. ಒಳಗೆ ನಾವು ಮೂವರೂ ಊಟಕ್ಕೆ ಕೂರುತ್ತೇವೆ.